ಸದ್ದಿಲ್ಲದ ಅಕ್ಷರ

ಗಿರೆಸುನ್ ಕೋರ್ಟಿನ ಎದುರು,
ಚಹಾದಂಗಡಿಯ ತಗಡಿನ ಸೂರಿನ ಕೆಳಗೆ
ಇಪ್ಪತ್ತೊಂಬತ್ತು ವರ್ಷದಿಂದ ನನ್ನ ಮೇಜು.
ಒಂದು ಕಾಲು ಗಿಡ್ಡ; ಅದರಡಿ ಮಡಚಿಟ್ಟದ್ದು
ಯಾರದೋ ವಜಾ ಆದ ಅರ್ಜಿ.

ಈ ಕರಾವಳಿಯ ಜಗಳವೆಲ್ಲ ನನ್ನ ಬೆರಳು ದಾಟಿಯೇ ಹೋಗಿದೆ:
ವಿಧವೆಯ ಪಿಂಚಣಿ, ಮುಳುಗಿದ ದೋಣಿಯ ವಿಮೆ,
ಸೊಸೆ ಒಯ್ದ ಹೊಲಿಗೆ ಯಂತ್ರ,
ಹೇಜಲ್‌ನಟ್ ತೋಟಕ್ಕೆ ನುಗ್ಗಿದ ನೆರೆಮನೆಯ ಕತ್ತೆ.
ದುಡ್ಡು ಕೊಟ್ಟರೆ ಕತ್ತೆಯ ಪರವಾಗಿಯೂ ಬರೆದಿದ್ದೇನೆ.
ಬಂದವರಿಗೆ ಮಾತು ಹೊರಡದಿದ್ದರೆ ಹೇಳುತ್ತಿದ್ದೆ:
'ಮೊದಲಿಂದ ಬೇಡ. ಯಾವುದನ್ನು ಹೇಳಬಾರದೆಂದು
ಬಸ್ಸಿನಲ್ಲಿ ತೀರ್ಮಾನ ಮಾಡಿಕೊಂಡು ಬಂದೆಯೋ
ಅದರಿಂದ ಶುರುಮಾಡು.'

ಅಣ್ಣ ಹೈರೆತ್ತಿನ್‌ನ ಮೇಲೆ ದಾವೆ ಹೂಡಿದಾಗ
ಮೂರು ಪುಟ, ಇಪ್ಪತ್ತು ನಿಮಿಷ.
ಒಂದು ಚಿತ್ತು ಇಲ್ಲ. ಚಹಾ ಆರುವ ಮುಂಚೆ ಮುಗಿದಿತ್ತು.
ತೋಟದ ಗಡಿ, ಎರಡು ಗಜ ನೆಲ.
ಗೆದ್ದೆ.

ಹನ್ನೊಂದು ವರ್ಷವಾಯಿತು.
ಬೆಟ್ಟದ ಮೇಲೆ ಅವನಿಗೀಗ ಉಸಿರಿನ ತೊಂದರೆಯಂತೆ,
ಮೀನು ಮಾರುವವ ಹೇಳಿದ, ಚಿಲ್ಲರೆ ಎಣಿಸುತ್ತ.
ಒಂದು ಕಾಗದ ಬರೆಯೋಣವೆಂದು ಕೂತೆ.
ಆಗ ಅಕ್ಟೋಬರ್. ಈಗ ಹಮ್ಸಿ ಮೀನಿನ ಕಾಲವೂ ಮುಗಿಯಿತು.

ಹಾಳೆ ಸುತ್ತಿದೆ, ತೆಗೆದೆ.
ರಿಬ್ಬನ್ ಬದಲಿಸಿದೆ.
ಕುರ್ಚಿಯನ್ನು ಸಮುದ್ರದ ಕಡೆ ತಿರುಗಿಸಿದೆ,
ಆಮೇಲೆ ಸಮುದ್ರಕ್ಕೆ ಬೆನ್ನು ಹಾಕಿ ಕೂತೆ.
ಹವಾಮಾನದ ಬಗ್ಗೆ ಬರೆದೆ. ಅದು ಚೆನ್ನಾಗಿಯೇ ಬಂತು:
ಒಂದೂವರೆ ಪುಟ, ಬರೀ ಮಂಜು.

ದೋಷವನ್ನು ಯಂತ್ರದ ಮೇಲೆ ಹೊರಿಸಿದೆ.
ನಮ್ಮ ಲಿಪಿಯಲ್ಲೊಂದು ಅಕ್ಷರವಿದೆ, ಮೆತ್ತನೆಯ ಗ.
ಸ್ವಂತದ ಸದ್ದಿಲ್ಲ; ಹಿಂದಿನ ಸ್ವರವನ್ನು ಕೊಂಚ ಎಳೆದು
ತಾನು ಸುಮ್ಮನಾಗುತ್ತದೆ.
ಅದರಿಂದ ಶುರುವಾಗುವ ಪದ ಒಂದೂ ಇಲ್ಲ.
ಅಣ್ಣ ಎನ್ನಲು ನಮ್ಮಲ್ಲಿರುವ ಪದದೊಳಗೆ ಅದು ಕೂತಿದೆ,
ಬಾಯಲ್ಲಿ ಕೇಳಿಸದು, ಕಾಗದದ ಮೇಲೆ ಇರಲೇಬೇಕು.
ನನ್ನ ಯಂತ್ರದಲ್ಲಿ ಅದರ ಅಚ್ಚು ಮುರಿದಿದೆ,
ಕೀಲಿ ಒತ್ತಿದರೆ ಖಾಲಿ ಜಾಗ ಬೀಳುತ್ತದೆ.
ಊರವರ ಅರ್ಜಿಗಳಲ್ಲಿ ಪೆನ್ನಿನಿಂದ ತುಂಬುತ್ತೇನೆ.
ಇದೊಂದಕ್ಕೆ ಮಾತ್ರ
ರಿಪೇರಿಯಾಗಲಿ ಎಂದು ಕಾದೆ.

ಮೊನ್ನೆ ಮಳೆ. ಗಿರಾಕಿಗಳಿಲ್ಲ.
ಚಹಾ ಹುಡುಗ ತುನ್‌ಜಾಯ್ ಲೋಟ ಎತ್ತಲು ಬಂದವ
ನನ್ನ ಕುರ್ಚಿಯಲ್ಲಿ ಕೂತುಬಿಟ್ಟ.
'ಏಳೋ' ಅನ್ನಬೇಕಿತ್ತು.
ಗಿರಾಕಿಯ ಸ್ಟೂಲಿನ ಮೇಲೆ ನಾನು ಕೂತೆ.
ಎಷ್ಟು ತಗ್ಗು ಅದು! ಇಷ್ಟು ವರ್ಷ ಗೊತ್ತೇ ಇರಲಿಲ್ಲ,
ಅಲ್ಲಿಂದ ನೋಡಿದರೆ
ಬರೆಯುವವನ ಗದ್ದ ಮಾತ್ರ ಕಾಣುತ್ತದೆ.

ಹುಡುಗ ನನ್ನ ದನಿಯನ್ನೇ ಅಣಕಿಸಿ,
ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿ ಕೇಳಿದ:
'ಹ್ಞೂಂ. ಯಾವುದನ್ನು ಹೇಳಬಾರದು
ಅಂತ ತೀರ್ಮಾನ ಮಾಡಿದ್ದೀರಿ?'

ತಗಡಿನ ಮೇಲೆ ಮಳೆ.

'ಗಡಿಕಲ್ಲು,' ಅಂದೆ.
'ಸರಿಸಿದ್ದು ನಾನು. ರಾತ್ರಿ. ಅಪ್ಪನ ಹಾರೆಯಿಂದ.'

ಅವನು ತಲೆ ಎತ್ತಲಿಲ್ಲ.
ಒಂದೇ ಬೆರಳಲ್ಲಿ ಕುಟ್ಟುತ್ತ ಹೋದ, ಅಕ್ಷರ ಹುಡುಕಿ ಹುಡುಕಿ,
ಕೋಳಿ ಕಾಳು ಹೆಕ್ಕಿದ ಹಾಗೆ.
ಆಮೇಲೆ ಮಾತು ತಾನಾಗಿ ಹರಿಯಿತು ಅಂದರೆ ಸುಳ್ಳಾದೀತು.
ನಾಲ್ಕು ಸಾಲು, ಮೂರು ಲೋಟ ಚಹಾ.
ಎರಡು ಕಡೆ ಕಾಗುಣಿತ ತಪ್ಪು. ತಿದ್ದಲು ಕೈ ಚಾಚಿದರೆ
'ಗಿರಾಕಿ ಸುಮ್ಮನಿರಬೇಕು' ಅಂದ.
ನನ್ನ ದರವನ್ನೇ ಅವನಿಗೆ ಕೊಟ್ಟೆ.
ಚೌಕಾಶಿ ಮಾಡಿದ, ಮೇಲಕ್ಕೆ.

ಹಾಳೆಯನ್ನು ಬೆಳಕಿಗೆ ಹಿಡಿದೆ.
ಮೊದಲ ಸಾಲಿನಲ್ಲೇ, ಅಣ್ಣ ಎಂಬಲ್ಲಿ,
ಒಂದು ಅಕ್ಷರದಷ್ಟು ಬಿಳಿ.
ಪೆನ್ನು ತೆಗೆದು ಮೆತ್ತನೆಯ ಗ ಬರೆದೆ,
ನೆತ್ತಿಯ ಮೇಲೆ ಅದರ ಪುಟ್ಟ ಬಟ್ಟಲು.
ಕೈ ನಡುಗಿ ಬಟ್ಟಲು ಸ್ವಲ್ಪ ವಾಲಿತು.
ವಾಲಿದ್ದನ್ನು ವಾಲಿದಂತೆಯೇ ಮಡಚಿ
ಮೇಲೂರಿನ ಮೂರೂವರೆ ವ್ಯಾನಿನವನ ಕೈಗೆ ಕೊಟ್ಟೆ.

ಸಂಜೆ ಬಂದ ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿದೆ.
ಸ್ಟೂಲು ನನಗೆ.
ಅವಳದು ಮತ್ತೆ ಕತ್ತೆಯದೇ ಕತೆ,
ಉದ್ದದ್ದು.